ನಾವಿಬ್ಬರೂ ನಕ್ಕಿದ್ದು ಯಾಕೆಂದರೆ

ಹಡಗಿನ ಆರನೇ ಅಂತಸ್ತು, ಬಂಗಾಳ ಕೊಲ್ಲಿಯ ಮಧ್ಯೆ
19 ಜೂನ್ 2025, ಗುರುವಾರ ಮಧ್ಯಾಹ್ನ

ನನ್ನ ಅಕ್ಕಯಮ್ಮಜ್ಜಿಗೆ, ನೆಲ ಅಲ್ಲಾಡುತ್ತಿರುವುದರಿಂದ ಸ್ವಲ್ಪ ಸೊಟ್ಟಗೆ ಬಗ್ಗಿ ಮಾಡುವ ನಮಸ್ಕಾರ.

ನಿನ್ನೆ ಬಂದರಿನಲ್ಲಿ ಸಿಗ್ನಲ್ ಸಿಕ್ಕ ಕೂಡಲೇ ಅಮ್ಮ ಫೋನ್ ಮಾಡಿ ನಿನಗೆ ಶುಭ ಸಮಾಚಾರ ಕೊಟ್ಟಳಲ್ಲ, “ಹಂಸ, ವಸಂತ್ ಇಬ್ರೂ ಒಪ್ಕೊಂಡ್ರು, ಬಿದ್ದು ಬಿದ್ದು ನಗ್ತಾ ಇದ್ರು, ನಾನೇ ಕಣ್ಣಾರೆ ನೋಡ್ದೆ” ಎಂದು. ಅಮ್ಮ ಸುಳ್ಳು ಹೇಳಿಲ್ಲ. ನಾವು ನಕ್ಕಿದ್ದು ನಿಜ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆದರೆ ಯಾಕೆ ನಕ್ಕೆವು ಎನ್ನುವುದು ಅಮ್ಮನಿಗೆ ಗೊತ್ತಿಲ್ಲ. ಅದನ್ನು ಹೇಳುವುದಕ್ಕೇ ಈ ಕಾಗದ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು “ಉಂಡ್ಯಾ?” ಎಂದು ಕೇಳಿ, ನಾನು ಉತ್ತರ ಕೊಡುವ ಮೊದಲೇ “ಸರಿ, ಇಡು” ಎನ್ನುವವಳು. ನಾಳೆ ಬೆಳಿಗ್ಗೆ ಚೆನ್ನೈನಲ್ಲಿ ಇಳಿದ ಕೂಡಲೇ ಇದನ್ನು ಕೊರಿಯರ್‌ಗೆ ಹಾಕುತ್ತೇನೆ, ಶನಿವಾರ ಕಗ್ಗದಾಸಪುರಕ್ಕೆ ಬಂದು ತಲುಪುತ್ತದೆ. ನಾವು ಮಾತ್ರ ಆಗಲೇ ಮನೆಗೆ ಬರುವುದಿಲ್ಲ. ಆ ನಗು ನೋಡಿದ್ದೇ ತಡ, ಕಂಚಿಗೆ ಹೋಗಿ ಮದುವೆ ಗೊತ್ತು ಮಾಡುವ ವೀಳ್ಯ ಶಾಸ್ತ್ರದ ಸೀರೆ ತೆಗೆದುಕೊಂಡೇ ಊರಿಗೆ ಹೋಗೋಣ, ಆಷಾಢ ಹುಟ್ಟಿದರೆ ಆಗುವುದಿಲ್ಲ ಎಂದು ಅಮ್ಮ ಹಟ ಹಿಡಿದಿದ್ದಾಳೆ. ಶನಿವಾರ ಹೊಸ ಬಟ್ಟೆ ತೆಗೆಯಬಾರದಂತೆ. ಹಾಗಾಗಿ ಶನಿವಾರ ದೇವಸ್ಥಾನ, ಭಾನುವಾರ ಬೆಳಿಗ್ಗೆ ಅಂಗಡಿ. ಅಂದರೆ ನಿನಗೆ ಇರುವುದು ಶನಿವಾರ ಒಂದೇ ದಿನ. ಗಾಬರಿಯಾಗಬೇಡ, ಆದರೆ ಊಟ ಮಾಡಿ ಮಲಗಿಬಿಡಲೂ ಬೇಡ.

ಈ ಹಡಗಿಗೆ ನಮ್ಮನ್ನು ಯಾಕೆ ಹತ್ತಿಸಿದಿರಿ ಎನ್ನುವುದು ನನಗೆ ಮೊದಲೇ ಗೊತ್ತಿತ್ತು. ಅಮ್ಮ ಮೊಬೈಲಿನಲ್ಲಿ ಒಂದು ಜಾಹೀರಾತು ನೋಡಿದಳು. ಸಂಸಾರ ಸಮೇತ ಐದು ದಿನ ಸಮುದ್ರದ ಮೇಲೆ, ಚಿಕ್ಕ ಮಕ್ಕಳಿಗೆ ಬೇರೆ ಆಟ, ಹದಿನೆಂಟರಿಂದ ಇಪ್ಪತ್ತು ವರ್ಷದವರಿಗೆ ಅವರದೇ ಒಂದು ಕೋಣೆ, ಅವರದೇ ಆಟ, ಹರಟೆ, ಹಾಡು. ಕೆಳಗೆ ಹುಡುಗ ಹುಡುಗಿಯರು ಎದುರುಬದುರು ಕೂತ ಫೋಟೋ. ಆ ಫೋಟೋದಲ್ಲಿ ನಮ್ಮ ಮನೆಯ ಹೆಂಗಸರಿಗೆಲ್ಲ ಹೆಣ್ಣು ನೋಡುವ ಶಾಸ್ತ್ರ ಕಾಣಿಸಿಬಿಟ್ಟಿತು. ನನಗೂ ಇಪ್ಪತ್ತು, ನಿನ್ನ ಮಗಳ ಮಗ ವಸಂತನಿಗೂ ಇಪ್ಪತ್ತು. ಇಬ್ಬರಿಗೂ ಸಲುಗೆ ಬೆಳೆಯಲಿ ಎಂದಳು ಅಮ್ಮ. “ಕಳ್ಸಿ, ಸಮುದ್ರದ ಮಧ್ಯ ಎಲ್ಲಿಗೆ ಓಡ್ತಾವೆ” ಎಂದೆ ನೀನು. ಗಂಗಮ್ಮನ ಮೇಲೆ ಕಾಲಿಡುವುದಿಲ್ಲ ಎಂದು ನೀನು ಮನೆಯಲ್ಲಿ ಉಳಿದೆ, ನಿನ್ನ ಜೊತೆಗೆ ಅಪ್ಪ ಉಳಿದ. ಅಮ್ಮ, ಭಾಗ್ಯತ್ತೆ, ಅವಳ ಮಗ ವಸಂತ್, ನಾನು, ನಾಲ್ಕು ಜನ ಹೊರಟೆವು.

ಸಲುಗೆಯ ಮಾತು ಹಾಗಿರಲಿ, ನಾನೂ ವಸಂತನೂ ಸರಿಯಾಗಿ ಮಾತಾಡಿ ಎಂಟು ವರ್ಷವಾಗಿತ್ತು. ಚಿಕ್ಕವರಿದ್ದಾಗ ಹಲಸೂರಿನ ಅತ್ತೆ ಮನೆಯ ಮಹಡಿಯಲ್ಲಿ ನಾವು ಆಡದ ಆಟವಿಲ್ಲ. ಮಾವ ತೀರಿಕೊಂಡ ಹನ್ನೊಂದನೇ ದಿನ ಅತ್ತೆ ಅಳುತ್ತಿದ್ದಾಗ ಅಪ್ಪ ಎಲ್ಲರೆದುರು ಮಾತು ಕೊಟ್ಟ. “ಅಳ್ಬೇಡ ಕಣಮ್ಮ, ನನ್ನ ಮಗಳೇ ನಿನ್ ಮನೆ ಸೊಸೆ” ಎಂದ. ನನಗಾಗ ಹನ್ನೆರಡು. ಅವತ್ತಿನಿಂದ ಅವನ ಹೆಸರು ಹಿಡಿದು ಕರೆಯಬಾರದು, ಪಕ್ಕದಲ್ಲಿ ಕೂರಬಾರದು, ಅವನು ಬಂದರೆ ಒಳಗೆ ಹೋಗಬೇಕು ಎಂದು ಕಟ್ಟು ಮಾಡಿದವಳು ನೀನೇ. ಎಂಟು ವರ್ಷದಲ್ಲಿ ನಾವು ಆಡಿದ ಮಾತೆಲ್ಲ “ಊಟ ಆಯ್ತಾ”, “ಆಯ್ತು”. ಮದುವೆ ಮಾಡಬೇಕು ಎಂದು ಮಾತು ನಿಲ್ಲಿಸಿದಿರಿ, ಮಾತಾಡಲಿ ಎಂದು ಹಡಗು ಹತ್ತಿಸಿದಿರಿ. ಇಂಥ ಬುದ್ಧಿ ನಮ್ಮ ಮನೆಯವರಿಗೇ ಬರಬೇಕು.

ಸೋಮವಾರ ಸಂಜೆ ನಮ್ಮ ವಯಸ್ಸಿನವರನ್ನೆಲ್ಲ ಆ ಕೋಣೆಗೆ ಕರೆದರು. ಅದನ್ನು ನಡೆಸುವವನು ರಯಾನ್, ನಮ್ಮೂರಿನ ಬೆನ್ಸನ್ ಟೌನಿನವನೇ. ನಾವು ಕಗ್ಗದಾಸಪುರ ಎಂದ ತಕ್ಷಣ “ಅಯ್ಯೋ, ಗಂಟೆಗಟ್ಲೆ ನಿಲ್ಲಿಸೋ ಆ ರೈಲ್ವೆ ಗೇಟಾ?” ಎಂದು ನಕ್ಕ. ಅಮ್ಮ ಅವನನ್ನು ಪಕ್ಕಕ್ಕೆ ಕರೆದು, ಇವರಿಬ್ಬರನ್ನೂ ಎಲ್ಲ ಆಟದಲ್ಲೂ ಒಟ್ಟಿಗೇ ಹಾಕು, ಗಂಡ ಹೆಂಡತಿ ಆಗಬೇಕಾದವರು ಎಂದು ಹೇಳಿದಳು. ಹೇಳಿ ತಾನೂ ಒಳಗೆ ಬಂದು ಕೂರಲು ಕುರ್ಚಿ ಎಳೆದಳು. “ಆಂಟಿ, ರೂಲ್ಸ್ ಇದೆ ಆಂಟಿ, ಪೇರೆಂಟ್ಸ್ ಒಳಗೆ ಬರೋಂಗಿಲ್ಲ” ಎಂದು ರಯಾನ್ ಕೈ ಮುಗಿದ. ಅದಕ್ಕೆ ಅಮ್ಮನೂ ಅತ್ತೆಯೂ ಗಾಜಿನ ಬಾಗಿಲ ಹೊರಗೆ ಎರಡು ಕುರ್ಚಿ ಹಾಕಿಸಿಕೊಂಡು, ಕೋಡುಬಳೆ ಡಬ್ಬ ಮಡಿಲಲ್ಲಿ ಇಟ್ಟುಕೊಂಡು ನಮ್ಮನ್ನೇ ನೋಡುತ್ತಾ ಕೂತರು. ನಾಚಿಕೆಯಿಂದ ನನಗೆ ಸಮುದ್ರಕ್ಕೆ ಹಾರುವಂತಾಯಿತು.

ಒಳಗಿದ್ದವರು ಇಪ್ಪತ್ತಾರು ಜನ. ಎಲ್ಲರೂ ನಮ್ಮ ಹಾಗೆಯೇ ಅಪ್ಪ ಅಮ್ಮನ ಜೊತೆ ಬಂದು ಸಿಕ್ಕಿಬಿದ್ದವರು. ಮಕ್ಕಳ ಆಟದ ಕೋಣೆಗೆ ನಾವು ದೊಡ್ಡವರು, ದೊಡ್ಡವರು ಕೂರುವ ಕಡೆಗೆ ಚಿಕ್ಕವರು. ಮೊದಲ ಸಂಜೆ ಒಬ್ಬರ ಮುಖ ಒಬ್ಬರು ನೋಡದೆ ಎಲ್ಲರೂ ಮೊಬೈಲ್ ಉಜ್ಜುತ್ತಾ ಕೂತಿದ್ದರು.

ಮಂಗಳವಾರ ರಯಾನ್ ಹೊಸ ಆಟ ಇಟ್ಟ. ಎರಡು ಸಾಲು ಕುರ್ಚಿ, ಎದುರುಬದುರು. ಬಟ್ಟಲಿನಲ್ಲಿ ಚೀಟಿಗಳು. ಚೀಟಿಯಲ್ಲಿ ಇರುವ ಪ್ರಶ್ನೆಗೆ ಎದುರಿಗೆ ಇರುವವರ ಹತ್ತಿರ ಮೂರು ನಿಮಿಷ ಮಾತಾಡಬೇಕು, ಸುಳ್ಳು ಹೇಳಬಾರದು. ಗಂಟೆ ಹೊಡೆದರೆ ಒಂದು ಕುರ್ಚಿ ಸರಿಯಬೇಕು. ಐದನೇ ಸಲ ಗಂಟೆ ಹೊಡೆದಾಗ ನನ್ನ ಎದುರು ವಸಂತ್ ಬಂದು ಕೂತ. ಅವನು ಎತ್ತಿದ ಚೀಟಿಯಲ್ಲಿ ಇದ್ದದ್ದು, ಮನೆಯಲ್ಲಿ ಇದುವರೆಗೆ ಹೇಳದೆ ಇಟ್ಟುಕೊಂಡಿರುವ ಮಾತು ಯಾವುದು ಎಂದು.

ಅವನು ಗಾಜಿನ ಆಚೆ ಒಮ್ಮೆ ನೋಡಿದ. ಆಮೇಲೆ ಅವನು ಚೀಟಿ ಮಡಚುತ್ತಾ, “ಹಂಸಾ, ಬೈಬೇಡ. ನಂಗೆ ಈ ಮದ್ವೆ ಬೇಡ ಕಣೆ. ನಿಂಗೆ ತುಂಬ ಆಸೆ ಇದೆ ಅಂತ ನಮ್ಮಮ್ಮ ಹೇಳ್ತಾನೇ ಇರ್ತಾಳೆ. ಬೇಡ ಅಂದ್ರೆ ನಿನ್ ಮರ್ಯಾದೆ ಹೋಗುತ್ತೆ ಅಂತ ಸುಮ್ನಿದ್ದೆ” ಎಂದ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. “ನಂಗೆ ಆಸೆನಾ? ನಿಂಗೆ ಆಸೆ ಅಂತ ಅಜ್ಜಿ ಹೇಳಿದ್ಳು. ನೀನು ನೊಂದ್ಕೋತೀಯ ಅಂತ ಎಂಟು ವರ್ಷದಿಂದ ಬಾಯಿ ಮುಚ್ಕೊಂಡಿದ್ದೀನಿ” ಎಂದೆ. ಅಲ್ಲಿಗೆ ನಗು ಶುರುವಾಯಿತು ನೋಡು. ಅವನು ಕುರ್ಚಿ ಹಿಡಿದುಕೊಂಡು ನಕ್ಕ, ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಗಾಜಿನ ಆಚೆ ಅಮ್ಮ ಎದ್ದು ನಿಂತು ಸಮುದ್ರಕ್ಕೆ ಕೈ ಮುಗಿಯುತ್ತಿದ್ದಳು. ಆ ಹೊತ್ತಿನಲ್ಲಿ ಹೊರಗೆ ಹೋಗಿ ಅವಳ ಸಂತೋಷ ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಅದೊಂದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ವಸಂತನಲ್ಲಿ ಏನೋ ಕೊರತೆ ಇದೆ ಎಂದುಕೊಳ್ಳಬೇಡ. ಅವತ್ತಿನಿಂದ ನಾವು ಬಿಟ್ಟೂಬಿಡದೆ ಮಾತಾಡುತ್ತಿದ್ದೇವೆ. ಮರುದಿನ ಹಡಗಿನ ತುಂಬ ವಸ್ತು ಹುಡುಕುವ ಪಂದ್ಯದಲ್ಲಿ ನಾವಿಬ್ಬರೂ ಒಂದೇ ಗುಂಪು. ನಾನು ಮೆಟ್ಟಿಲು ಹಾರಿ ಓಡುವವಳು, ಅವನು ನಿಂತು ಯೋಚನೆ ಮಾಡುವವನು. ಗೆದ್ದೆವು. ಬಹುಮಾನ ತೆಗೆದುಕೊಳ್ಳುವಾಗ ಅತ್ತೆ ಫೋಟೋ ತೆಗೆದು, ಇದನ್ನೇ ಲಗ್ನಪತ್ರಿಕೆಗೆ ಹಾಕಿಸೋಣ ಎಂದಳು. ವಸಂತ್ ನನಗೆ ಒಳ್ಳೆಯ ಗೆಳೆಯನಾಗಿದ್ದಾನೆ ಅಜ್ಜಿ, ಕಳೆದುಹೋದವನು ಸಿಕ್ಕಿದ ಹಾಗಾಗಿದೆ. ಆದರೆ ಅವನು ನನ್ನ ಗಂಡನಾಗುವುದಿಲ್ಲ, ನಾನು ಅವನ ಹೆಂಡತಿಯಾಗುವುದಿಲ್ಲ.

ಇನ್ನೊಂದು ವಿಷಯವೂ ಇದೆ. ನಿನ್ನೆ ಸಂಜೆ ರಯಾನ್‌ಗೆ ಗಂಟಲು ಕಟ್ಟಿ ಸ್ವರವೇ ಹೊರಡಲಿಲ್ಲ. ಕೋಣೆ ತುಂಬ ಜನ, ಆಟ ನಡೆಸುವವರಿಲ್ಲ. ಮೈಕ್ ನನ್ನ ಕೈಗೆ ಕೊಟ್ಟ. ನಿಮ್ಮ ನಿಮ್ಮ ಮನೆಯಲ್ಲಿ ನಿಮಗೆ ಹೇಗೆ ಬೈಯುತ್ತಾರೆ, ಅದನ್ನು ಹಾಗೇ ಅಭಿನಯಿಸಿ ತೋರಿಸಿ ಎಂದೆ. ಮೊದಲು ನಾನೇ ನಿನ್ನ ಹಾಗೆ ಸೊಂಟಕ್ಕೆ ಕೈ ಇಟ್ಟು ನಿಂತು “ಹುಚ್ ಮುಂಡೇದೆ” ಎಂದು ಶುರು ಮಾಡಿದೆ. ಶಿವಾಜಿನಗರದ ಗುಲ್ಷನ್ ಎಂಬ ಹುಡುಗಿ ಮೂರು ದಿನದಿಂದ ಮೂಲೆ ಬಿಟ್ಟು ಎದ್ದಿರಲಿಲ್ಲ. ಅವಳು ಎದ್ದು ಬಂದು ಅವಳ ದಾದಿ, ಅಂದರೆ ಅಜ್ಜಿ, ಉರ್ದುವಿನಲ್ಲಿ ಬೈಯುವುದನ್ನು ಮಾಡಿ ತೋರಿಸಿದಾಗ ಕೋಣೆಯೇ ಎದ್ದು ಕುಣಿಯಿತು. ಆಮೇಲೆ ಯಾರೂ ಮೊಬೈಲ್ ಮುಟ್ಟಲಿಲ್ಲ. ಊಟಕ್ಕೆ ಕರೆದರೂ ಯಾರೂ ಏಳಲಿಲ್ಲ.

ರಯಾನ್ ಪಿಸುದನಿಯಲ್ಲಿ, “ನೀನು ಈ ಕೆಲ್ಸಕ್ಕೇ ಬಾ ಮಾ. ಟ್ವೆಂಟಿ ಒನ್ ಆಗ್ಬೇಕು, ಡಿಗ್ರಿ ಮುಗ್ದಿರ್ಬೇಕು, ಅಷ್ಟೇ” ಎಂದ. ಬರುವ ಜನವರಿಗೆ ನನಗೆ ಇಪ್ಪತ್ತೊಂದು, ಮೇ ತಿಂಗಳಲ್ಲಿ ಡಿಗ್ರಿ ಮುಗಿಯುತ್ತದೆ. ಅರ್ಜಿ ಹಾಕುತ್ತೇನೆ. ನನಗೆ ಸಿಕ್ಕೇ ಸಿಗುತ್ತದೆ. ಇದನ್ನು ಜಂಬ ಎಂದರೆ ಜಂಬ, ನಿನ್ನ ಮೊಮ್ಮಗಳಿಗೆ ಅದು ಬೇರೆ ಎಲ್ಲಿಂದ ಬಂದೀತು. ಗುರುತಿಲ್ಲದವರನ್ನು ಕೂಡಿಸಿ ನಗಿಸುವುದು ನನಗೆ ಬರುತ್ತದೆ ಎಂದು ನಿನ್ನೆಯವರೆಗೆ ನನಗೇ ಗೊತ್ತಿರಲಿಲ್ಲ. ಹಾಗೆಂದು ರಯಾನ್ ವಿಷಯದಲ್ಲಿ ತಲೆಗೆ ಹುಳ ಬಿಟ್ಟುಕೊಳ್ಳಬೇಡ. ಅವನಿಗೆ ಹೆಂಡತಿ ಇದ್ದಾಳೆ, ಒಂದು ವರ್ಷದ ಮಗು ಇದೆ, ಅದರ ಫೋಟೋ ತೋರಿಸಿ ತೋರಿಸಿ ನಮ್ಮ ಪ್ರಾಣ ತೆಗೆದಿದ್ದಾನೆ.

ನಿನ್ನೆ ಊಟವಾದ ಮೇಲೆ ವಸಂತ್ ಧೈರ್ಯ ಮಾಡಿ ಅತ್ತೆಗೆ ಎಲ್ಲ ಹೇಳಿದ. ನಾನೂ ಪಕ್ಕದಲ್ಲಿದ್ದೆ. ಅತ್ತೆ ಅಳುತ್ತಾಳೆ ಎಂದುಕೊಂಡಿದ್ದೆವು. ಅವಳು ಸೆರಗಿನ ಅಂಚು ತೀಡುತ್ತಾ, “ನಾನೆಲ್ಲಿ ಕೇಳಿದ್ದೆ? ಅವತ್ತು ಅಳ್ತಾ ಇದ್ದೆ, ಅಣ್ಣ ಹೇಳ್ದ. ಬೇಡ ಅಂದ್ರೆ ಅಣ್ಣ ನೊಂದ್ಕೋತಾನೆ ಅಂತ ತಲೆ ಅಲ್ಲಾಡಿಸ್ದೆ” ಎಂದಳು. ಆಮೇಲೆ ನನ್ನ ಕೆನ್ನೆ ಹಿಡಿದುಕೊಂಡು, ಸೊಸೆ ಆಗದಿದ್ದರೂ ಮನೆಗೆ ಬಂದು ಹೋಗುತ್ತಿರು, ಈ ಎಂಟು ವರ್ಷ ನೀನು ಬಂದರೂ ಬಾಗಿಲ ಹಿಂದೆಯೇ ನಿಂತಿರುತ್ತಿದ್ದೆ ಎಂದಳು. ಅವಳು ಅಳಲಿಲ್ಲ, ಅತ್ತಿದ್ದು ನಾನು.

ಸರಿ, ಇದನ್ನು ಅಪ್ಪನಿಗೆ ಹೇಳುವವರು ಯಾರು? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎನ್ನುವ ಹಾಗಾಯಿತು. ನನ್ನ ಕೈಲಾಗಲ್ಲ ಎಂದಳು ಅತ್ತೆ. “ಮಾವನ ಮುಖ ನೋಡಿದ್ರೆ ನಾನು ಚಪ್ಪಲಿ ಹುಡುಕ್ತೀನಿ” ಎಂದ ವಸಂತ್. ಅಮ್ಮನಿಗೆ ಹೇಳಿದರೆ ಅವಳು ಅಳುತ್ತಾ ಅರ್ಧ ಹೇಳಿ ಅರ್ಧ ಬಿಡುತ್ತಾಳೆ. ಅದಕ್ಕೇ ಅವಳಿಗೆ ಇನ್ನೂ ಹೇಳಿಲ್ಲ. ಉಳಿದವಳು ನೀನು. ನಿನ್ನ ಮಾತನ್ನು ಅಪ್ಪ ಯಾವತ್ತೂ ತೆಗೆದುಹಾಕಿಲ್ಲ.

ಅಪ್ಪ ಕೆಟ್ಟವನಲ್ಲ. ಬರುತ್ತೇನೆ ಎಂದರೆ ಜ್ವರ ಬಂದಿದ್ದರೂ ಹೋಗಿ ನಿಲ್ಲುವವನು. ಪಿಯುಸಿ ಪರೀಕ್ಷೆಯ ದಿನ ಮೈ ಸುಡುತ್ತಿದ್ದರೂ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ, ಮುಗಿಯುವವರೆಗೆ ಬಿಸಿಲಿನಲ್ಲಿ ಕಾದಿದ್ದ. ಒಂದು ದಿನವೂ ನನಗೆ ಗದರಿದವನಲ್ಲ. ಗದರಿದ್ದರೆ ತಿರುಗಿ ಜಗಳವಾಡಿಬಿಡುತ್ತಿದ್ದೆ. ತಂಗಿಯ ಕಣ್ಣೀರು ನೋಡಲಾರದೆ ಕೊಟ್ಟ ಮಾತು ಅದು, ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ. ಆದರೆ ಕೊಟ್ಟದ್ದು ನನ್ನನ್ನು, ನನ್ನನ್ನು ಯಾರೂ ಕೇಳಲಿಲ್ಲ. ನಿನ್ನನ್ನು ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದಾಗ “ನನ್ನನ್ನ ಯಾರ್ ಕೇಳಿದ್ರು” ಎಂದು ನೀನು ಈಗಲೂ ಹೇಳುತ್ತೀಯಲ್ಲ, ಅದೇ ಮಾತು. ಅಪ್ಪ ಮಾತು ಮುರಿಯಬೇಕಾಗಿಲ್ಲ ಎಂದು ಹೇಳು. ಮಾತು ಪಡೆದವಳೇ ಅದನ್ನು ವಾಪಸು ಕೊಡುತ್ತಿದ್ದಾಳೆ, ಅವನು ತೆಗೆದುಕೊಂಡರೆ ಸಾಕು. ಭಾನುವಾರ ಬೆಳಿಗ್ಗೆ ನಾವು ಅಂಗಡಿಗೆ ಹೋಗುವ ಮೊದಲು ಅತ್ತೆಗೆ ಒಂದು ಫೋನ್ ಮಾಡಲಿ.

“ಹುಚ್ಚು ಬಿಡೋವರ್ಗೂ ಮದ್ವೆ ಆಗಲ್ಲ, ಮದ್ವೆ ಆಗೋವರ್ಗೂ ಹುಚ್ಚು ಬಿಡಲ್ಲ” ಎಂದು ನೀನು ಈಗ ಗಾದೆ ತೆಗೆಯುತ್ತೀಯ ಎಂದು ಗೊತ್ತು. ಈ ಹುಚ್ಚು ಬಿಡುವುದು ಬೇಡ ಅಜ್ಜಿ, ನನಗೆ ಇದು ಚೆನ್ನಾಗಿ ಹೊಂದುತ್ತದೆ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ.

ನೀನು ಹೇಳಿದ್ದನ್ನು ಕೇಳದೆ, ನಿನ್ನ ಹಾಗೆಯೇ ಬೆಳೆದ
ಹಂಸ

ತಾ.ಕ.: ಅಪ್ಪ, ಇದು ನಿನಗೆ. ಅಜ್ಜಿಗೆ ಅಕ್ಷರ ಬರುವುದಿಲ್ಲ, ಮನೆಯಲ್ಲಿರುವುದು ನೀವಿಬ್ಬರೇ, ಇದನ್ನು ನೀನೇ ಅವಳ ಮುಂದೆ ಕೂತು ಗಟ್ಟಿಯಾಗಿ ಓದಬೇಕಾಗುತ್ತದೆ ಎಂದು ಗೊತ್ತಿದ್ದೇ ಬರೆದೆ. ಇಷ್ಟುದ್ದ ಜಂಬ ಕೊಚ್ಚಿಕೊಂಡವಳಿಗೆ ನಿನ್ನ ಎದುರು ನಿಂತು ಒಂದು ಸಾಲು ಹೇಳುವ ಧೈರ್ಯವಿಲ್ಲ. ಕ್ಷಮಿಸು. ಅತ್ತೆ ಫೋನನ್ನು ಕೈಯಲ್ಲೇ ಹಿಡಿದುಕೊಂಡಿರುತ್ತಾಳೆ. ಓದುವಾಗ ಅಜ್ಜಿಗೆ ಕೇಳಿಸದ ಹಾಗೆ ಯಾವ ಸಾಲನ್ನಾದರೂ ನುಂಗಿಕೊಂಡಿದ್ದರೆ, ಮತ್ತೆ ಮೊದಲಿನಿಂದ ಓದು ಅಪ್ಪ.