ಒಂಬತ್ತು ರಾತ್ರಿ ಬಾಕಿ

ಮನೆಯಿಂದ, ಅಡುಗೆಮನೆಯ ಮೇಜು
ಡಿಸೆಂಬರ್ ನಾಲ್ಕು, ಗುರುವಾರ

ಪ್ರೀತಿಯ ರೀ,

ಹೀಗೆ ಶುರು ಮಾಡಿದ್ದಕ್ಕೆ ನಗಬೇಡಿ. ಹನ್ನೊಂದು ವರ್ಷದಿಂದ ನಿಮ್ಮನ್ನು ಹಾಗೇ ಕರೆದು ಅಭ್ಯಾಸ. ಕಾಗದದಲ್ಲಿ ಬೇರೇನೋ ಬರೆದರೆ ಯಾರೋ ಪರಿಚಯದವರಿಗೆ ಬರೆದಂತಾಗುತ್ತದೆ. ಹೇಗಿದ್ದೀರಿ? ಸೊಂಟ ನೋವು ಕಡಿಮೆಯಾಯಿತೇ? ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರಗಳ ಕೆಳಗೆ ತೂರಿಕೊಂಡು ರಿಪೇರಿ ಮಾಡುವಾಗ ಮೊಣಕಾಲಿನ ಕೆಳಗೆ ಏನಾದರೂ ಮೆತ್ತನೆಯದು ಹಾಕಿಕೊಳ್ಳಿ ಎಂದು ಎಷ್ಟು ಸಲ ಹೇಳಿದರೂ ನಿಮ್ಮ ಕಿವಿಗೆ ಬೀಳುವುದಿಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅತ್ತೆಯ ಕೆಮ್ಮು ಇಳಿದಿದೆ, ಬಾಯಿಯ ಜೋರು ಮಾತ್ರ ಇಳಿದಿಲ್ಲ. ನಿಮ್ಮ ಮಗಳು ಚಿನಕುರುಳಿಗೆ ಮುಂದಿನ ಎರಡು ಹಲ್ಲು ಬಿದ್ದು, ಅರ್ಧ ಮಾತು ಗಾಳಿಗೇ ಹೋಗುತ್ತಿದೆ. ಉಳಿದರ್ಧವೇ ನಮಗೆ ಸಾಕಾಗಿದೆ. ಫೋನ್ ಬಿಟ್ಟು ಕಾಗದ ಯಾಕೆ ಎಂದು ಕೇಳುತ್ತೀರಿ, ಗೊತ್ತು. ಫೋನಿನಲ್ಲಿ ನಾನು ನಾಲ್ಕು ಮಾತು ಆಡುವಷ್ಟರಲ್ಲಿ ನೀವು ಹೂಂಗುಟ್ಟುತ್ತ ಹೂಂಗುಟ್ಟುತ್ತ ಗೊರಕೆಗೆ ಇಳಿಯುತ್ತೀರಿ. ಸೋಮವಾರ ನೀವು ತಲುಪುವ ಹೋಟೆಲಿಗೆ ಫೋನ್ ಮಾಡಿ ವಿಚಾರಿಸಿದೆ. ಕೌಂಟರಿನ ಹುಡುಗಿ, "ಕಳ್ಸಿ ಮೇಡಂ, ಸಾರ್ ಬಂದ ತಕ್ಷಣ ಕೈಗೇ ಕೊಡ್ತೀವಿ" ಎಂದಳು. ಲಕೋಟೆ ಭಾರವಾಗಿದೆ ಎನ್ನಿಸಿದರೆ ಗಾಬರಿಯಾಗಬೇಡಿ, ಅದರ ವಿಷಯ ಕೊನೆಯಲ್ಲಿ ಬರೆಯುತ್ತೇನೆ.

ಮೊದಲು ನೀವು ಒಪ್ಪಿಸಿದ ಕೆಲಸ. "ಮೂರು ಹೋಟೆಲಿನವರ ಮೆಂಬರ್ ಕಾರ್ಡೂ ಇದೆ, ಬರೋ ವರ್ಷ ಯಾವುದಕ್ಕೆ ಅಂಟ್ಕೊಂಡ್ರೆ ಲಾಭ ಅಂತ ನೀನೇ ಕೂತು ನೋಡು, ನಿನ್ನ ತಲೆ ಚೆನ್ನಾಗಿ ಓಡುತ್ತೆ" ಎಂದು ಬೆಣ್ಣೆ ಹಚ್ಚಿ ಹೋದಿರಲ್ಲ, ನೋಡಿದ್ದೇನೆ. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ನಾಲ್ಕು ಮಧ್ಯಾಹ್ನ ಇದಕ್ಕೇ ಹೋಯಿತು. ದೊಡ್ಡ ಅಕ್ಷರದಲ್ಲಿ ಕೊಟ್ಟದ್ದನ್ನೆಲ್ಲ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ವಾಪಸ್ ತೆಗೆದುಕೊಳ್ಳುತ್ತಾರೆ. ಅದನ್ನು ಓದಲು ಅಂಗಡಿಯ ಭೂತಗನ್ನಡಿಯೇ ಬೇಕಾಯಿತು. ನಮ್ಮ ಮಾಲೀಕರು ಬಗ್ಗಿ ನೋಡಿ, "ಏನಮ್ಮ, ಆಸ್ತಿ ಪತ್ರಾನಾ?" ಎಂದು ಕೇಳಿದರು. ಹೆಚ್ಚು ಕಡಿಮೆ ಹಾಗೇ ಎಂದೆ.

ಕಪ್ಪು ಕಾರ್ಡಿನವರು ಪಾಯಿಂಟುಗಳನ್ನು ಧಾರಾಳವಾಗಿ ಸುರಿಯುತ್ತಾರೆ, ಮಿಕ್ಕವರ ಮೂರು ಪಟ್ಟು. ನೋಡಿ ನನಗೂ ಬಾಯಲ್ಲಿ ನೀರೂರಿತು. ಆಮೇಲೆ ಕೂಡಿ ಕಳೆದು ನೋಡಿದರೆ, ಒಂದು ರಾತ್ರಿ ಪುಕ್ಕಟೆ ಮಲಗಲು ಮಿಕ್ಕವರ ನಾಲ್ಕು ಪಟ್ಟು ಪಾಯಿಂಟು ಕೇಳುತ್ತಾರೆ. ಒಂದು ವರ್ಷ ಅವರ ಕಡೆ ತಲೆ ಹಾಕದಿದ್ದರೆ ಕೂಡಿಟ್ಟದ್ದೆಲ್ಲ ಮಂಗಮಾಯ. ಅದನ್ನು ಬಿಟ್ಟುಬಿಡಿ. ನೀಲಿ ಕಾರ್ಡು ನಿಮ್ಮ ಮುದ್ದಿನದು. ಅದರಲ್ಲಿ ವರ್ಷಕ್ಕೆ ಐವತ್ತು ರಾತ್ರಿ ಉಳಿದರೆ ಚಿನ್ನದ ದರ್ಜೆ. ಬೆಳಗಿನ ತಿಂಡಿ ಪುಕ್ಕಟೆ, ಸಂಜೆ ನಾಲ್ಕರವರೆಗೂ ರೂಮು ಖಾಲಿ ಮಾಡಬೇಕಾಗಿಲ್ಲ, ದೊಡ್ಡ ರೂಮು ಖಾಲಿ ಇದ್ದರೆ ಅದನ್ನೇ ಕೊಡುತ್ತಾರೆ. ಖಾಲಿ ಇದ್ದರೆ ಎಂಬುದು ಇರುವೆ ಸಾಲಿನಲ್ಲಿದೆ. ದರ್ಜೆ ಇರುವುದು ಒಂದೇ ವರ್ಷ. ಮತ್ತೆ ಬೇಕೆಂದರೆ ಮತ್ತೆ ಐವತ್ತು ರಾತ್ರಿ. ಮನೆ ಬಿಟ್ಟು ಅಷ್ಟು ಮಲಗಿದವರಿಗೆ ಅವರು ಕೊಡುವ ಬಹುಮಾನ ಏನು ಹೇಳಿ, ಮನೆ ಬಿಟ್ಟು ಇನ್ನಷ್ಟು ಸುಖವಾಗಿ ಮಲಗುವುದು. ಹಸಿರು ಕಾರ್ಡಿನವರ ಹೋಟೆಲುಗಳು ಸಾಧಾರಣ, ಕೆಲವು ಆಸ್ಪತ್ರೆಗಳಿಂದ ದೂರ, ಟವೆಲು ಸ್ವಲ್ಪ ತೆಳುವಂತೆ. ಆದರೆ ದರ್ಜೆ ಗಿರ್ಜೆ ಏನೂ ಇಲ್ಲ. ಹತ್ತು ರಾತ್ರಿಗೆ ಒಂದು ರಾತ್ರಿ ಪುಕ್ಕಟೆ, ಹಳಸುವುದಿಲ್ಲ, ಮನೆಯವರು ಯಾರು ಬೇಕಾದರೂ ಬಳಸಬಹುದು. ನನ್ನ ಓಟು ಹಸಿರಿಗೆ.

ಆದರೆ ನಿಮ್ಮ ಮನಸ್ಸು ನೀಲಿಯ ಮೇಲೆ ಎಂದು ಗೊತ್ತು. ನಲವತ್ತೊಂದು ರಾತ್ರಿ ಆಗಿದೆ, ರಜೆಯವರೆಗೆ ನೀವು ಹೋಗುವ ಊರುಗಳಲ್ಲಿ ನೀಲಿಯವರ ಹೋಟೆಲೇ ಇಲ್ಲ. ಹೋದ ವಾರ ಫೋನಿನಲ್ಲಿ ಹೇಳಿದಿರಿ: "ಬರೀ ಒಂಬತ್ತು ರಾತ್ರಿ ಬಾಕಿ ಕಣೇ. ವರ್ಷದ ಕೊನೇಲಿ ಒಂಬತ್ತು ದಿನ ರಜಾ ಇದೆ. ಅದರಲ್ಲಿ ಇಲ್ಲೇ ಎಲ್ಲಾದ್ರೂ ಉಳ್ಕೊಂಡ್ರೆ ಮುಗೀತು. ಬರೋ ವರ್ಷ ನಿಮ್ಮನ್ನೆಲ್ಲ ದೊಡ್ಡ ರೂಮಲ್ಲಿ ಇಡ್ತೀನಿ." ನಾನು "ಸರಿ, ನೋಡೋಣ" ಎಂದೆ. ಪಕ್ಕದಲ್ಲಿ ಅತ್ತೆ ಕೂತಿದ್ದರು, ಅದಕ್ಕೇ ಅಷ್ಟರಲ್ಲಿ ನಿಲ್ಲಿಸಿದೆ. ಫೋನ್ ಇಟ್ಟ ಮೇಲೆ ಒಂದೇ ತಟ್ಟೆಯನ್ನು ಮೂರು ಸಲ ತೊಳೆದೆ.

ನಿಮ್ಮ ಖಾತೆ ತೆರೆದು ನೋಡುವಾಗ ಇನ್ನೊಂದು ಪುಟ ಕಣ್ಣಿಗೆ ಬಿತ್ತು. ಪಾಸ್‌ವರ್ಡ್ ನೀವೇ ಕೊಟ್ಟದ್ದು, ಕದ್ದು ನೋಡಿದ್ದಲ್ಲ. ಅತಿಥಿಯ ಇಷ್ಟಗಳು ಎಂದು ಮೇಲೆ ಬರೆದಿತ್ತು. ಗಟ್ಟಿ ದಿಂಬು ಒಂದೇ ಸಾಕು. ಲಿಫ್ಟಿನಿಂದ ದೂರದ ರೂಮು. ಪರದೆ ಪೂರ್ತಿ ಮುಚ್ಚಿರಬೇಕು. ಹೊದಿಕೆಯನ್ನು ಹಾಸಿಗೆಯ ಅಡಿ ಸಿಕ್ಕಿಸಬಾರದು. ಹನ್ನೊಂದು ವರ್ಷದಿಂದ ಹತ್ತಿ ತುಂಬಿದ ಮೆತ್ತನೆ ದಿಂಬು ಹಾಕುತ್ತಿದ್ದೇನೆ, ಒಂದಲ್ಲ ಎರಡು. ಹೊದಿಕೆಯನ್ನು ನಾಲ್ಕೂ ಕಡೆ ಬಿಗಿಯಾಗಿ ಸಿಕ್ಕಿಸಿ, ಎಷ್ಟು ಅಚ್ಚುಕಟ್ಟು ಎಂದು ನಾನೇ ಬೀಗಿದ್ದೇನೆ. ಬೇಡ ಎಂದು ನನಗೊಂದು ಮಾತು ಹೇಳಬಾರದಿತ್ತೇ? ಯಾವುದೋ ಊರಿನ ಕೌಂಟರಿನವರಿಗೆ ಗೊತ್ತಿರುವುದು ನನಗೆ ಗೊತ್ತಿಲ್ಲವಲ್ಲ ಎಂದು ಹೊಟ್ಟೆಯುರಿಯಿತು. ಮಾರನೆಯ ದಿನವೇ ಹೋಗಿ ಹಾಸಿಗೆ ಅಂಗಡಿಯಲ್ಲಿ ಇದ್ದುದರಲ್ಲಿ ಗಟ್ಟಿಯಾದ ದಿಂಬು ತಂದೆ. ಅತ್ತೆ ತಲೆಯಿಟ್ಟು ನೋಡಿ, "ಇದು ದಿಂಬಲ್ಲ, ಇಟ್ಟಿಗೆ. ನನ್ನ ಮಗ ಇದರ ಮೇಲೆ ಮಲಗ್ತಾನಾ?" ಎಂದರು. ಹೆತ್ತವರಿಗೂ ಗೊತ್ತಿಲ್ಲ ಎಂದು ಒಂದು ಕ್ಷಣ ಸಮಾಧಾನವಾಯಿತು.

ಹೋದ ತಿಂಗಳು ನೀವು ಮೂರು ದಿನ ಬಂದಿದ್ದಿರಿ. ಆಗ ಹೇಳಲಾಗದ್ದನ್ನು ಈಗ ಬರೆದುಬಿಡುತ್ತೇನೆ. ಕತ್ತಲಲ್ಲಿ ಎದ್ದು ದೀಪದ ಸ್ವಿಚ್ಚಿಗೆ ಗೋಡೆಯ ಬಲಗಡೆ ತಡಕಾಡಿದಿರಿ. ಈ ಮನೆಗೆ ಬಂದಾಗಿನಿಂದ ಅದು ಎಡಗಡೆಯೇ ಇದೆ. ಸ್ನಾನವಾದ ಮೇಲೆ ಒದ್ದೆ ಟವೆಲನ್ನು ಬಚ್ಚಲ ಮೂಲೆಯಲ್ಲಿ ನೆಲಕ್ಕೆ ಹಾಕಿ ಬಂದಿರಿ, ಬದಲಾಯಿಸಿ ಎಂದು ಹೋಟೆಲಿನವರಿಗೆ ಸೂಚನೆ ಕೊಡುವ ಹಾಗೆ. ಚಿನಕುರುಳಿ ಅದೇನೋ ಆಟ ಎಂದುಕೊಂಡು ತನ್ನ ಟವೆಲನ್ನೂ ಅದರ ಪಕ್ಕ ಹಾಕಿದಳು. ಸೂಟ್‌ಕೇಸ್ ಬಿಚ್ಚಲೇ ಇಲ್ಲ. ಅಂಗಿ ಅದರಿಂದಲೇ ತೆಗೆದು ಅದಕ್ಕೇ ತುರುಕುತ್ತಿದ್ದಿರಿ, ಬೀರುವಿನಲ್ಲಿ ನಿಮ್ಮ ಅರ್ಧ ಭಾಗ ಹಾಗೇ ಖಾಲಿ. ಇದೆಲ್ಲ ಸುಸ್ತು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಎರಡನೆಯ ದಿನ ಕಾಫಿ ತಂದು ಕೊಟ್ಟಾಗ ನೀವು ಮೊಬೈಲಿನಿಂದ ತಲೆಯೆತ್ತದೆ "ಥ್ಯಾಂಕ್ಯೂ" ಎಂದಿರಿ. ಎಷ್ಟು ಮರ್ಯಾದೆಯಿಂದ ಎಂದಿರಿ ಗೊತ್ತೇ? ಇನ್ನೊಂದು ಚೂರು ಸಕ್ಕರೆ ಹಾಕಬಾರದಿತ್ತಾ ಎಂದು ಮೊದಲಿನ ಹಾಗೆ ಗೊಣಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅಡುಗೆಮನೆಗೆ ಹೋಗಿ, ಈರುಳ್ಳಿ ಹೆಚ್ಚುವ ನೆಪ ಮಾಡಿಕೊಂಡು ಸ್ವಲ್ಪ ಹೊತ್ತು ಕಣ್ಣೀರು ಹಾಕಿದೆ.

ನಿಮ್ಮ ಮೇಲೆ ಕೋಪವಿಲ್ಲ. ನಮ್ಮೆಲ್ಲರಿಗಾಗಿ ತಿರುಗುತ್ತಿದ್ದೀರಿ, ಅದು ಗೊತ್ತು. ಈ ವರ್ಷ ಮನೆಯಲ್ಲಿ ಎಷ್ಟು ರಾತ್ರಿ ಮಲಗಿದ್ದೀರಿ ಎಂದು ನಾನು ಎಣಿಸಿಲ್ಲ. ಎಣಿಸಬಹುದಿತ್ತು, ನೀಲಿ ಕಾರ್ಡಿನವರ ಲೆಕ್ಕ ಮಾಡಿದ ಭೂತಗನ್ನಡಿ ಕೈಯಲ್ಲೇ ಇತ್ತು. ಬೇಕೆಂದೇ ಎಣಿಸಲಿಲ್ಲ. ನನಗೆ ದೊಡ್ಡ ರೂಮು ಬೇಡ, ನಾಲ್ಕು ಗಂಟೆಯವರೆಗಿನ ಸಮಯವೂ ಬೇಡ. ನೀವು ಬೇಕು. ನೀವು ಇಲ್ಲದಾಗ ಹಾಸಿಗೆಯ ಒಂದೇ ಅಂಚಿನಲ್ಲಿ ಮಲಗಿ ಮಲಗಿ, ನಿಮ್ಮ ಕಡೆಯ ಹಾಸಿಗೆ ಹೊಸದರಂತೆ ಉಬ್ಬಿಕೊಂಡೇ ಇದೆ. ನಲವತ್ತೊಂದಕ್ಕೆ ನಿಲ್ಲಿಸಿಬಿಡಿ. ಚಿನ್ನದ ದರ್ಜೆ ಹೋದರೆ ಹೋಗಲಿ. ಆ ಒಂಬತ್ತು ರಾತ್ರಿಯನ್ನು ಕಾರ್ಡಿಗೆ ಕೊಡದೆ ನಮಗೆ ಕೊಡಿ. ಇಪ್ಪತ್ತೆರಡನೇ ತಾರೀಕು, ಸೋಮವಾರ, ನಿಮ್ಮ ರಜೆ ಶುರು. ಪರದೆಗೆ ದಪ್ಪ ಬಟ್ಟೆ ಹೊಲಿಸುತ್ತಿದ್ದೇನೆ. ಹೊದಿಕೆಯನ್ನು ಸಡಿಲ ಬಿಡುತ್ತೇನೆ. ನಮ್ಮಲ್ಲಿ ಲಿಫ್ಟಿಲ್ಲ, ಆ ಒಂದು ಚಿಂತೆ ನಿಮಗಿಲ್ಲ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಹೋಟೆಲಿನವರು ಪುಕ್ಕಟೆ ಕೊಟ್ಟರೆಂದು ತಣ್ಣಗಿನದೆಲ್ಲ ತಿನ್ನಬೇಡ ಎಂದು ಬರೆಯಲು ಹೇಳಿದರು. ಚಿನಕುರುಳಿ ಬಿದ್ದ ಹಲ್ಲುಗಳನ್ನು ನಿಮಗೆ ತೋರಿಸಲು ಬೆಂಕಿಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ. ಸೊಂಟ ಜೋಪಾನ.

ಇಷ್ಟು ದಿನ ಮೆತ್ತನೆ ದಿಂಬು ಹಾಕಿದವಳು,
ನಿಮ್ಮವಳು

ಮರೆತಿದ್ದೆ. ಸುಳ್ಳು, ಮರೆತಿರಲಿಲ್ಲ, ಅಂಚೆ ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಹೋದ ತಿಂಗಳು ನೀವು ಹೊರಟ ಮೇಲೆ ಹಾಸಿಗೆ ಸರಿ ಮಾಡಲು ಹೋದೆ. ಮಂಚದ ಪಕ್ಕದ ಮೇಜಿನ ಮೇಲೆ ನಿಮ್ಮ ಮನೆ ಬೀಗದ ಕೈ ಇತ್ತು. ಜೇಬಿನಿಂದ ಜಾರಿ ಬಿದ್ದದ್ದಲ್ಲ. ನೀರಿನ ಲೋಟದ ಪಕ್ಕದಲ್ಲಿ, ಎಲ್ಲರ ಕಣ್ಣಿಗೂ ಕಾಣುವ ಹಾಗೆ ನೆಟ್ಟಗೆ ಇಟ್ಟಿದ್ದಿರಿ, ರೂಮು ಖಾಲಿ ಮಾಡುವವರು ಇಟ್ಟು ಹೋಗುತ್ತಾರಲ್ಲ, ಹಾಗೆ. ನಿಮಗೆ ಗೊತ್ತಾಗಿಯೂ ಇರಲಿಕ್ಕಿಲ್ಲ. ಇವತ್ತಿನವರೆಗೂ ಅದು ಎಲ್ಲಿದೆ ಎಂದು ನೀವು ಕೇಳಿಲ್ಲ. ಈ ಲಕೋಟೆಯ ಭಾರ ಅದೇ. ಇಪ್ಪತ್ತೆರಡಕ್ಕೆ ನಾನು ಎದ್ದು ಬಂದು ಬಾಗಿಲು ತೆಗೆಯುವುದಿಲ್ಲ, ಚಿನಕುರುಳಿಗೂ ತೆಗೆಯಲು ಬಿಡುವುದಿಲ್ಲ. ಒಳಗಿನಿಂದ ಚಿಲಕ ಹಾಕಿರುವುದಿಲ್ಲ. ಬೆಲ್ ಒತ್ತಬೇಡಿ, ನೀವೇ ಬೀಗ ತೆಗೆದು ಬನ್ನಿ.