ಚಿಲಕವಿಲ್ಲದ ಬಾಗಿಲು

೧೭ ಏಪ್ರಿಲ್, ಗುರುವಾರ

ಆ ಚಿಲಕ ತಲೆಯಿಂದ ಹೋಗುತ್ತಿಲ್ಲ. ಪುರಸಭೆ ಅಧ್ಯಕ್ಷ ಕೋಣೆಗೆ ಕರೆದು ಚಿಲಕ ಹಾಕುತ್ತಾನೆಂದು ಕಸ ಗುಡಿಸುವವಳು ದೂರು ಕೊಟ್ಟಿದ್ದಾಳೆ. ಚುನಾವಣೆಗೆ ಅವನಿಗೆ ಟಿಕೆಟ್ ಕೊಡುವ ಮೊದಲು ವಿಚಾರಿಸಿ ಬನ್ನಿ ಎಂದು ಪಕ್ಷ ಕಳಿಸಿದ ನಾವು ಮೂವರು, ಡಾಕ್ಟರು, ವಕೀಲರು, ನಾನು, ಅವನ ಕೋಣೆಯಲ್ಲೇ ಕೂತು ಅವನದೇ ಚಹಾ ಕುಡಿದೆವು. ಥೂ!

"ನೋಡಿ, ಬಾಗಿಲಿಗೆ ಚಿಲಕಾನೇ ಇಲ್ಲ," ಎಂದು ಹಲ್ಲು ಕಿರಿದ. ಡಾಕ್ಟರು ಕೋಲೆ ಬಸವನಂತೆ ತಲೆಯಾಡಿಸಿದರು.

ಹೊರಡುವಾಗ ಬಾಗಿಲು ನೋಡಿದೆ. ಹಸಿರು ಬಣ್ಣದ ನಡುವೆ ಚಿಲಕದುದ್ದಕ್ಕೆ ಬರಿಯ ಮರ, ಸ್ಕ್ರೂ ಕಿತ್ತ ಹೊಸ ತೂತುಗಳು. ಮಾಡಿದ ಹೊಲಸು ಮುಚ್ಚಿಡಲೂ ಬಾರದ ದಂಡಪಿಂಡ!

ಹೊರಗೆ ಬಂದು ವಕೀಲರಿಗೆ ಹೇಳಿದೆ.

"ನಾನೂ ನೋಡ್ದೆ. ಬಿಡಿ, ಗೆಲ್ಲೋನು ಅವ್ನೇ," ಎಂದರು.

ನಾಳೆ ಅವನನ್ನು ಶುದ್ಧನೆನ್ನುವ ವರದಿಗೆ ನಾನು ಸಹಿ ಹಾಕುವುದಿಲ್ಲ. ಮಲಗಬೇಕು. ನಮ್ಮ ಬಾಗಿಲಿನ ಚಿಲಕ ಹಾಕಲೂ ಕೈ ಹೇಸುತ್ತಿದೆ.