ಬ್ರೇಕ್ ಒತ್ತಿದ ಕಾಲು

ಮಾರ್ಚ್ ೩, ಸೋಮವಾರ

ಬೆಳಗಿನ ಬ್ಯಾಚ್ ಮುಗಿಯಿತು. ಒಬ್ಬರಿಗೂ ಎಡ ಯಾವುದು ಬಲ ಯಾವುದು ಗೊತ್ತಿಲ್ಲ. ಕನ್ನಡಿಯಲ್ಲಿ ಹಿಂದಿನ ಗಾಡಿ ನೋಡು ಅಂದರೆ ಒಬ್ಬ ತನ್ನ ಕ್ರಾಪು ನೋಡಿಕೊಳ್ಳುತ್ತಾನೆ. ಇವರಿಗೆ ಡ್ರೈವಿಂಗ್ ಕಲಿಸುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ.

ಕೊನೆಗೆ ಟೈಲರಮ್ಮನ ಸರದಿ. ಫ್ಲೈಓವರ್ ಹತ್ತಿಸಿದೆ. ಅರ್ಧ ಏರಿದ್ದೆವು... ಎದೆ ಹಿಡಿದುಕೊಂಡಿತು. ಉಸಿರು ಒಳಗೆ ಹೋಗಲೇ ಇಲ್ಲ. ಬೆರಳೆಲ್ಲ ಜುಮ್ಮೆಂದವು. ಸತ್ತೆ ಅಂದುಕೊಂಡೆ. ಕಲಿಸುವವರ ಕಡೆಯೂ ಒಂದು ಬ್ರೇಕ್ ಇರುತ್ತದಲ್ಲ, ಪೂರ್ತಿ ತುಳಿದುಬಿಟ್ಟೆ. ಗಾಡಿ ನಡುರಸ್ತೆಯಲ್ಲಿ ನಿಂತಿತು. ಹಿಂದೆ ಹಾರ್ನೋ ಹಾರ್ನು.

"ನಾನು ಒತ್ತಿದ್ನಾ ಮೇಡಂ?" ಅಂದಳು. ಮುಖ ಬಿಳಿಚಿತ್ತು.

"ಮತ್ತಿನ್ಯಾರು? ದಿನವಿಡೀ ಮಿಷನ್ ತುಳಿಯೋ ಕಾಲು. ಏನು ಸಿಕ್ಕಿದ್ರೂ ತುಳಿಯತ್ತೆ."

ನಾನು ತುಳಿದರೆ ಅವಳ ಕಡೆಯ ಪೆಡಲೂ ತಾನಾಗಿ ಕೆಳಗಿಳಿಯುತ್ತದೆ. ನಂಬಿಬಿಟ್ಟಳು.

ಮಾರ್ಚ್ ೬, ಗುರುವಾರ

ಡಾಕ್ಟರ ಹತ್ತಿರ ಹೋಗಿದ್ದೆ. ಅಣ್ಣನಿಗೆ ಹೇಳಿಲ್ಲ. ಡ್ರೈವಿಂಗ್ ಸ್ಕೂಲ್ ಅವನದು. ಹೋದ ವರ್ಷ ತಲೆಸುತ್ತು ಬಂದ ಮಾಸ್ತರರನ್ನು ಮರುದಿನವೇ ಗಾಡಿಯಿಂದ ಇಳಿಸಿ ಆಫೀಸಿನ ಕುರ್ಚಿಗೆ ಹಾಕಿದ. ಅವರು ಬಿಟ್ಟುಹೋದರು, ಕುರ್ಚಿ ಖಾಲಿ ಇದೆ. ಅದರ ಎದುರಿಗೆ ಅತ್ತಿಗೆ ಕೂರುತ್ತಾಳೆ. ಅದಕ್ಕಿಂತ ಹಾರ್ಟ್ ಅಟ್ಯಾಕ್ ವಾಸಿ.

ಅದೂ ಅಲ್ಲವಂತೆ. ಇಸಿಜಿ ನೋಡಿ ಡಾಕ್ಟರು, "ಹಾರ್ಟ್ ಗುಂಡುಕಲ್ಲಿನ ಹಾಗಿದೆ. ಇದು ಪ್ಯಾನಿಕ್ ಅಟ್ಯಾಕ್" ಅಂದರು.

ಗಾಬರಿಯಂತೆ. ನನಗೆ! ನಾನು ಗದರಿದರೆ ಲಾರಿಯವರು ಸೈಡ್ ಕೊಡುತ್ತಾರೆ.

ಅಪಾಯ ಇಲ್ಲದಿದ್ದರೂ ಮೈ ಸುಮ್ಮಸುಮ್ಮನೆ ಕೂಗಿಕೊಳ್ಳುತ್ತದಂತೆ. ಏರುತ್ತದೆ, ತಾನಾಗಿ ಇಳಿಯುತ್ತದೆ. ಉಸಿರನ್ನು ಎಳೆದುಕೊಳ್ಳಬೇಡಿ, ನಿಧಾನವಾಗಿ ಬಿಡಿ. ಬಂದ ಜಾಗದಿಂದ ಓಡಬೇಡಿ, ಓಡಿದಷ್ಟೂ ಅಟ್ಟಿಸಿಕೊಂಡು ಬರುತ್ತದೆ. ಹದಿನೈದು ದಿನ ಬಿಟ್ಟು ಬಂದುಹೋಗಿ ಅಂದರು. ನಾನೇನು ಅವರ ನೆಂಟಳೇ?

ಮಾರ್ಚ್ ೭

ಓಡಿದೆ. ಎಲ್ಲರನ್ನೂ ಫ್ಲೈಓವರ್ ಕೆಳಗಿನ ರಸ್ತೆಯಲ್ಲೇ ಕರೆದೊಯ್ದೆ. ಅಲ್ಲಿಯ ಸಿಗ್ನಲ್‌ಗೂ ಬಂತು, ದರಿದ್ರ. ಡಾಕ್ಟರು ಹೇಳಿದ್ದು ನಿಜವಾಯಿತು ಅನ್ನುವುದೇ ಇನ್ನೊಂದು ಉರಿ.

ಮೇಲೆ ಹೋಗದಿರುವುದು ತನ್ನಿಂದಲೇ ಅಲ್ಲವೇ ಅಂತ ಟೈಲರಮ್ಮ ಕೇಳಿದಳು. ಹೌದು ಅಂದೆ.

ಮಾರ್ಚ್ ೧೮

ಟೈಲರಮ್ಮ ಬರುತ್ತಿಲ್ಲ. ಗಾಡಿ ಕಲಿತು, ಹೊಲಿದ ಯೂನಿಫಾರ್ಮ್‌ಗಳನ್ನು ಸ್ಕೂಲುಗಳಿಗೆ ತಾನೇ ತಲುಪಿಸುತ್ತೇನೆ ಅಂದಿದ್ದವಳು. ಅಣ್ಣನಿಗೆ ಫೋನ್ ಮಾಡಿ, ನನ್ನ ಕಾಲು ಇದಕ್ಕೆ ಲಾಯಕ್ಕಲ್ಲ ಸಾರ್, ಯಾರನ್ನಾದರೂ ಸಾಯಿಸಿಬಿಡ್ತೀನಿ ಅಂದಳಂತೆ. ಅಣ್ಣ ನನ್ನ ಕಡೆ ನೋಡಿ, ನೀನೇ ಬೈದು ಓಡಿಸಿರ್ತೀಯ ಅಂದ. ಅತ್ತಿಗೆ ಕಿಸಕ್ಕೆಂದಳು.

ಬಚ್ಚಲಲ್ಲಿದ್ದಾಗ ಅದು ಮತ್ತೆ ಬಂತು. ಈ ಸಲ ಸಿಟ್ಟು ಬಂತು. ಗೋಡೆಗೆ ಒರಗಿ ನಿಂತು, ಬಾ, ಅದೇನು ಕಿತ್ಕೋತೀಯೋ ಕಿತ್ಕೋ ಅಂದೆ. ಉಸಿರು ಬಿಡುತ್ತಾ ಹೋದೆ... ಉದ್ದಕ್ಕೆ, ಉದ್ದಕ್ಕೆ. ಹೋಯಿತು. ಸಾಯಲಿಲ್ಲ.

ಆಮೇಲೆ ಅವಳ ಕಾಲೇ ಕಣ್ಣಮುಂದೆ. ನಾಚಿಕೆಯಾಯಿತು. ಉಸಿರು ಬಿಟ್ಟರೆ ಅದು ಹೋಗುತ್ತದೆಯೇ?

ಮಾರ್ಚ್ ೧೯

ಅವಳ ಅಂಗಡಿಗೆ ಹೋದೆ. ಪ್ಯಾಂಟಿನ ಅಂಚು ಹೊಲಿಯುತ್ತಿದ್ದಳು. ಕೂರಿ ಅನ್ನಲಿಲ್ಲ. ನಿಂತೇ ಹೇಳಿದೆ. ಅವತ್ತು ತುಳಿದದ್ದು ನಾನು, ನನಗೆ ಹೀಗೆ ಹೀಗೆ ಆಗುತ್ತದೆ ಅಂತ. ಅಂಚು ಮುಗಿಯುವವರೆಗೂ ಮಿಷನ್ ನಿಲ್ಲಿಸಲಿಲ್ಲ.

"ಇಷ್ಟು ದಿನದಿಂದ ಮಿಷನ್ ಮುಂದೆ ಕೂತಾಗೆಲ್ಲ ನನ್ನ ಕಾಲೇ ನೋಡ್ಕೋತಿದ್ದೀನಿ ಮೇಡಂ. ಅನ್ನ ಹಾಕೋ ಕಾಲು ಇದು. ಇದರ ಮೇಲೇ ನಂಬಿಕೆ ಹೋಗ್ಬಿಟ್ಟಿತ್ತು."

ತಪ್ಪಾಯ್ತು ಅಂದೆ. "ಆಯ್ತಲ್ಲ" ಅಂದಳು, ದಾರ ಕಚ್ಚಿ ಕಿತ್ತಳು.

ನಾಳೆ ಬರುತ್ತಾಳಂತೆ. ಫ್ಲೈಓವರ್ ಮೇಲೇ ಹೋಗಬೇಕಂತೆ. ಅವಳು ತಪ್ಪು ಮಾಡದ ಹೊರತು ನನ್ನ ಕಾಲು ಪೆಡಲ್ ಮುಟ್ಟಬಾರದಂತೆ. "ಆಮೇಲೆ ನಿಮ್ಮ ಅಣ್ಣಂಗೂ ನೀವೇ ಹೇಳ್ಬೇಕು. ಅವರ ಮುಂದೆ ತಲೆ ತಗ್ಗಿಸಿದ್ದು ನಾನು."

ಹೇಳಿದರೆ ಗಾಡಿ ಹೋಯಿತು, ಆಫೀಸಿನ ಕುರ್ಚಿಯೇ ಗತಿ ಅಂದೆ. ಮುಂದಿನ ಪ್ಯಾಂಟು ಎತ್ತಿಕೊಂಡಳು.

ಮಾರ್ಚ್ ೨೦, ಬೆಳಿಗ್ಗೆ

ಫ್ಲೈಓವರ್ ಇಳಿದು ಬದಿಗೆ ನಿಲ್ಲಿಸಿದ್ದೇವೆ. ಗಾಡಿಯಲ್ಲೇ ಕೂತು ಬರೆಯುತ್ತಿದ್ದೇನೆ.

ಅದೇ ಏರಿನಲ್ಲಿ ಬಂತು. ಕಾಲು ಹಿಂದಕ್ಕೆ ಎಳೆದುಕೊಂಡೆ. "ಬರ್ತಿದೆ" ಅಂದೆ.

"ಬರ್ಲಿ. ನಾನಂತೂ ನಿಲ್ಸಲ್ಲ" ಅಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗೇರ್ ಬದಲಿಸಿದಳು, ಗಾಡಿ ಒಂಚೂರೂ ಜರ್ಕ್ ಹೊಡೆಯಲಿಲ್ಲ. ನಾನು ಉಸಿರು ಬಿಡುತ್ತಾ ಕೂತೆ. ಸತ್ತೆ ಅನ್ನಿಸಿತು, ಸಾಯಲಿಲ್ಲ. ರಸ್ತೆ ಇಳಿಯುವ ಹೊತ್ತಿಗೆ ಅದೂ ಇಳಿಯಿತು. ಇವಳು ಒಳ್ಳೆಯ ಡ್ರೈವರ್ ಆಗುತ್ತಾಳೆ. ಕಲ್ಲುಮನಸ್ಸಿನವಳು.

ಈಗ ಬಾಗಿಲ ಹೊರಗೆ ಕೈಕಟ್ಟಿ ನಿಂತಿದ್ದಾಳೆ. ಗದ್ದದಿಂದಲೇ ಫೋನ್ ತೋರಿಸಿದಳು. ಅಣ್ಣನ ನಂಬರ್ ಒತ್ತಿದೆ. ಹೆದರಿಕೆಯೇನೋ ಇದೆ. ಇದು ಅದಲ್ಲ. ಇದು ಮಾಮೂಲಿ ಹೆದರಿಕೆ, ಎಲ್ಲರಿಗೂ ಆಗುವಂಥದ್ದು. ಸ್ಪೀಕರ್ ಹಾಕಿದ್ದೇನೆ, ಅವಳಿಗೂ ಕೇಳಲಿ. ರಿಂಗ್ ಆಗುತ್ತಿದೆ. ಅಣ್ಣ ಎತ್ತಿದ—